ಕರೆಂಟ್ ಕೊಡುವವರು

ಮಂಡಿನೋವಿಗೋ ಸೊಂಟನೋವಿಗೋ ಫಿಸಿಯೋಥೆರಪಿಗೆ ಹೋಗಿಬಂದವರನ್ನು ನಮ್ಮಲ್ಲಿ ಮೊದಲು ಕೇಳುವುದೇ ‘ಕರೆಂಟ್ ಕೊಟ್ರಾ?’ ಅಂತ. ಏನು ವ್ಯಾಯಾಮ ಹೇಳಿಕೊಟ್ಟರು ಅಂತ ಕೇಳುವವರು ಕಡಿಮೆ. ಈ ಕರೆಂಟಿನ ಮೋಹ ಬಹಳ ಹಳೆಯದು. ಗೌಟ್ ನೋವಿಗೆ ಜೀವಂತ ವಿದ್ಯುತ್ ಮೀನಿನ ಮೇಲೆ ಕಾಲಿಡಿ ಎಂದು ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಕ್ರಿ.ಶ. ಮೊದಲ ಶತಮಾನದಲ್ಲೇ ಬರೆದಿದ್ದ. 1855ರಲ್ಲಿ ಫ್ರಾನ್ಸಿನ ಡುಶೆನ್, ಚರ್ಮದ ಮೇಲಿನಿಂದಲೇ ಒಂದೊಂದು ಸ್ನಾಯುವನ್ನು ಬೇರೆಬೇರೆಯಾಗಿ ಮಿಡಿಸುವ ವಿಧಾನದ ಬಗ್ಗೆ ಪುಸ್ತಕ ಹೊರತಂದ. ಆಮೇಲೆ ಎಲ್ಲ ರೋಗಕ್ಕೂ ಮದ್ದೆಂದು ವಿದ್ಯುತ್ ಬೆಲ್ಟು ಮಾರುವವರು ಬಂದರು. ಅವರ ಕಥೆ ಇಲ್ಲಿ ಬೇಡ.

ನೋವಿಗೆ ಕೊಡುವ ಕರೆಂಟಿಗೆ ಒಂದು ತರ್ಕ ಸಿಕ್ಕಿದ್ದು 1965ರಲ್ಲಿ. ಪೆಟ್ಟು ಬಿದ್ದ ಜಾಗವನ್ನು ತಿಕ್ಕಿಕೊಂಡರೆ ನೋವು ತಗ್ಗುತ್ತದಲ್ಲ, ಅದಕ್ಕೆ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಮುಂದಿಟ್ಟ ವಿವರಣೆ ಇದು: ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ, ಸ್ಪರ್ಶದ ಸಂಕೇತ ಮುಂದಾದರೆ ನೋವಿನ ಸಂಕೇತಕ್ಕೆ ಅದು ಮುಚ್ಚಿಕೊಳ್ಳುತ್ತದೆ. ನೋವು ತಗ್ಗಿಸಲು ಚರ್ಮದ ಮೇಲಿನಿಂದ ಕರೆಂಟ್ ಕೊಡುವ ಟೆನ್ಸ್ ಎಂಬ ಪುಟ್ಟ ಪೆಟ್ಟಿಗೆಗೆ ಬುನಾದಿ ಇದೇ.

ಸ್ನಾಯುವಿನ ಕಡೆ ಗದ್ದಲ ಎದ್ದದ್ದು 1977ರಲ್ಲಿ. ಸೋವಿಯತ್ ವಿಜ್ಞಾನಿ ಯಾಕೋವ್ ಕೋಟ್ಸ್ ಮಾಂಟ್ರಿಯಲ್‌ಗೆ ಬಂದು, 2500 ಹರ್ಟ್ಸ್ ಕರೆಂಟನ್ನು 10 ಸೆಕೆಂಡು ಕೊಟ್ಟು 50 ಸೆಕೆಂಡು ಬಿಡುವ ತನ್ನ ಕ್ರಮದಿಂದ ಕ್ರೀಡಾಪಟುಗಳ ಬಲ ಭಾರಿಯಾಗಿ ಹೆಚ್ಚುತ್ತದೆ ಎಂದ. ‘ರಷ್ಯನ್ ಕರೆಂಟ್’ ಯಂತ್ರಗಳು ಮಾರುಕಟ್ಟೆಗೆ ನುಗ್ಗಿದವು. ಗಟ್ಟಿಮುಟ್ಟಾದವರಲ್ಲಿ ಆ ಫಲ ಮತ್ತೆ ಅಷ್ಟು ಸುಲಭವಾಗಿ ಕಾಣಲಿಲ್ಲ.

ನನ್ನ ಲೆಕ್ಕದಲ್ಲಿ ಈ ಕ್ಷೇತ್ರ ನಿಜವಾಗಿ ಬಲಿತದ್ದು ಯಂತ್ರ ತಯಾರಿಸುವವರಿಂದಲ್ಲ, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ಹಟ ಹಿಡಿದು ಅಳೆದ ಫಿಸಿಯೋಥೆರಪಿಸ್ಟರಿಂದ. ಅಮೆರಿಕದ ಲಿನ್ ಸ್ನೈಡರ್-ಮ್ಯಾಕ್ಲರ್ ಅವರಲ್ಲೊಬ್ಬರು. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಾದ 110 ಜನರನ್ನು ಆಕೆಯ ತಂಡ ನಾಲ್ಕು ಗುಂಪು ಮಾಡಿತು. 1995ರಲ್ಲಿ ಫಲಿತಾಂಶ ಬಂತು. ಚಿಕಿತ್ಸಾಲಯದ ದೊಡ್ಡ ಯಂತ್ರದಿಂದ ಜೋರಾದ ಕರೆಂಟ್ ಪಡೆದವರ ತೊಡೆಯ ಸ್ನಾಯು, ಪೆಟ್ಟಾಗದ ಕಾಲಿನ ಬಲದ ಶೇ 70ಕ್ಕೆ ಮುಟ್ಟಿತ್ತು. ಬರೀ ವ್ಯಾಯಾಮ ಮಾಡಿದವರದು ಶೇ 57. ಬ್ಯಾಟರಿಯ ಪುಟ್ಟ ಯಂತ್ರದಿಂದ ಮಂದ ಕರೆಂಟ್ ಪಡೆದವರದು ಶೇ 51. ಜುಮುಜುಮು ಅನ್ನಿಸಿದ ಮಾತ್ರಕ್ಕೆ ಸ್ನಾಯು ಬೆಳೆಯದು. ಅದು ಬಿಗಿದು ಸೆಟೆಯುವಷ್ಟು ಕೊಡಬೇಕು.

ಅಯೋವಾ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಸ್ಲೂಕಾ ಹಿಡಿದದ್ದು ನೋವಿನ ದಾರಿ. ಅವರೂ ಫಿಸಿಯೋಥೆರಪಿಸ್ಟರೇ. ಟೆನ್ಸ್ ನಮ್ಮ ದೇಹದ್ದೇ ಆದ ಅಫೀಮಿನಂಥ ರಾಸಾಯನಿಕಗಳನ್ನು ಎಬ್ಬಿಸುತ್ತದೆ, ನಿಧಾನದ ಮಿಡಿತಕ್ಕೆ ಒಂದು ಬಗೆಯ ಗ್ರಾಹಿ, ವೇಗದ ಮಿಡಿತಕ್ಕೆ ಇನ್ನೊಂದು ಎಂದು ಇಲಿಗಳಲ್ಲಿ ತೋರಿಸಿದರು. 2020ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಫೈಬ್ರೊಮಯಾಲ್ಜಿಯಾ ಎಂಬ ಮೈತುಂಬ ನೋವಿನ ಕಾಯಿಲೆ ಇದ್ದ 301 ಮಹಿಳೆಯರಿದ್ದರು. ಅವರಲ್ಲಿ ಟೆನ್ಸ್ ಸಿಕ್ಕವರು ಅದನ್ನು ಬಳಸಿದ್ದು ಮಲಗಿಕೊಂಡಲ್ಲ, ಓಡಾಡಿಕೊಂಡಿರುವಾಗ. ನಾಲ್ಕು ವಾರದಲ್ಲಿ, ನಡೆದಾಡುವಾಗಿನ ನೋವು ಹುಸಿ ಯಂತ್ರ ಕಟ್ಟಿಕೊಂಡವರಿಗಿಂತ ಇವರಲ್ಲಿ ಹೆಚ್ಚು ಇಳಿದಿತ್ತು. ಅಲ್ಲಿಯೂ ಕರೆಂಟ್ ಇಟ್ಟದ್ದು ತಡೆದುಕೊಳ್ಳಬಹುದಾದಷ್ಟು ಜೋರಾಗಿ.

ಹಾಗಾಗಿ ಮುಂದಿನ ಸಲ ಹಾಸಿಗೆಯ ಮೇಲೆ ಮಲಗಿಸಿ, ಪ್ಯಾಡ್ ಅಂಟಿಸಿ, ‘ಸಾಕಾ?’ ಎಂದು ಕೇಳಿದರೆ ಸಂಕೋಚಕ್ಕೆ ‘ಸಾಕು’ ಅನ್ನಬೇಡಿ. ತಡೆಯುವಷ್ಟು ಏರಿಸಲು ಹೇಳಿ. ಪೇಸ್‌ಮೇಕರ್ ಇದ್ದರೆ ಮಾತ್ರ, ಪ್ಯಾಡ್ ಅಂಟಿಸುವ ಮೊದಲೇ ತಿಳಿಸಿಬಿಡಿ.