ಸಿಂಹ, ಹುಲಿ ಇರುವ ಈ ಹಳೆಯ ಪದಕ ಟಿಪ್ಪು ಸುಲ್ತಾನ್ ಕೊಟ್ಟದ್ದೇ?

ಒಂದು ಬದಿಯಲ್ಲಿ ಹುಲಿಯನ್ನು ಕೆಡವುತ್ತಿರುವ ಸಿಂಹ, ಅದರ ಮೇಲೆ ಅರೇಬಿಕ್ ಬರಹ. ಇಂಥ ಪದಕದ ಫೋಟೋ ವಾಟ್ಸಾಪ್‌ಗೆ ಬಂದರೆ ‘ಇದು ಟಿಪ್ಪು ಕೊಟ್ಟದ್ದು, ಕೋಟಿ ಬಾಳುತ್ತದೆ’ ಎಂದು ನಂಬುವುದು ಸುಲಭ. ಆದರೆ ಇದು ಟಿಪ್ಪುವನ್ನು ಸೋಲಿಸಿದವರಿಗೆ ಕೊಟ್ಟ ಪದಕ.

ಏನಿದು?
1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಹತನಾದ. ಆ ಯುದ್ಧದಲ್ಲಿದ್ದ ತನ್ನ ಪಡೆಗಳಿಗಾಗಿ ಈಸ್ಟ್ ಇಂಡಿಯಾ ಕಂಪನಿ ಈ ಪದಕ ಮಾಡಿಸಿತು. ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಮ್ಯಾಥ್ಯೂ ಬೌಲ್ಟನ್‌ನ ಸೋಹೋ ಟಂಕಸಾಲೆಗಾಗಿ ಅಚ್ಚು ಕೆತ್ತಿದವನು ಜರ್ಮನ್ ಕಲಾವಿದ ಕಾನ್ರಾಡ್ ಹೈನ್‌ರಿಖ್ ಕ್ಯುಖ್ಲರ್. ಅವನ ಹೆಸರಿನ ಮೊದಲಕ್ಷರಗಳು ಪದಕದ ಮೇಲಿವೆ. ಹಾಗೆಂದು ಇದು ಜರ್ಮನ್ ಸೇನೆಯ ಪದಕವೂ ಅಲ್ಲ.

ಗೊಂದಲ ಏಕೆ?
ಅರೇಬಿಕ್ ಬರಹದ ಅರ್ಥ ‘ದೇವರ ಸಿಂಹವೇ ವಿಜಯಿ’. ಇದೇ ಮಾತನ್ನು ಟಿಪ್ಪು ಹುಲಿಮುಖದ ಆಕಾರದಲ್ಲಿ ತನ್ನ ಆಯುಧಗಳ ಮೇಲೆ ಬರೆಸಿದ್ದ. ಕಂಪನಿ ಅದನ್ನೇ ಅವನ ವಿರುದ್ಧ ತಿರುಗಿಸಿತು: ಇಲ್ಲಿ ಸಿಂಹ ಬ್ರಿಟನ್, ಹುಲಿ ಟಿಪ್ಪು. ಕೆಳಗೆ ರೋಮನ್ ಅಂಕಿಗಳಲ್ಲಿ ಕೋಟೆ ಬಿದ್ದ ದಿನಾಂಕವಿದೆ. ಇನ್ನೊಂದು ಬದಿಯಲ್ಲಿ ಕೋಟೆಯ ಮೇಲಿನ ದಾಳಿಯ ಚಿತ್ರ, ಪರ್ಷಿಯನ್ ಬರಹ ಇವೆ.

ಎಲ್ಲವೂ ಚಿನ್ನದ್ದೇ?
ಅಲ್ಲ. ಲೋಹ ಹುದ್ದೆಯನ್ನು ನೋಡಿ ಬದಲಾಗುತ್ತಿತ್ತು. ಅತಿ ದೊಡ್ಡವರಿಗೆ ಚಿನ್ನ, ಹಿರಿಯ ಅಧಿಕಾರಿಗಳಿಗೆ ಚಿನ್ನದ ಲೇಪದ ಬೆಳ್ಳಿ, ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಅವರ ಕೆಳಗಿನವರಿಗೆ ಕಂಚು. ಸಾಮಾನ್ಯ ಸೈನಿಕರಿಗೆ, ಅಂದರೆ ಭಾರತೀಯ ಸಿಪಾಯಿಗಳಿಗೂ, ದಕ್ಕಿದ್ದು ತವರ. ಪಡೆದವರ ಹೆಸರನ್ನು ಕಂಪನಿ ಅಚ್ಚು ಹಾಕಿಸಲಿಲ್ಲ. ಹಾಗಾಗಿ ‘ನಮ್ಮ ಮುತ್ತಜ್ಜನಿಗೆ ಸಿಕ್ಕಿದ್ದು’ ಎಂಬುದಕ್ಕೆ ಪದಕವೊಂದೇ ಸಾಕ್ಷಿಯಾಗದು.

ನಿಮಗೆ ಸಿಕ್ಕರೆ?
ಬೋಗಾದಿಯಿಂದ ಶ್ರೀರಂಗಪಟ್ಟಣ ದೂರವೇನಲ್ಲ. ಈ ಭಾಗದ ಯಾವುದೋ ಮನೆಯ ಹಳೆ ಪೆಟ್ಟಿಗೆಯಲ್ಲಿ ಇಂಥದ್ದೊಂದು ಇದ್ದರೂ ಇರಬಹುದು. ಆಗ ಇಷ್ಟು ನೆನಪಿಡಿ:

• ಹುಣಸೆಹಣ್ಣು, ಪೌಡರ್ ಹಾಕಿ ಉಜ್ಜಬೇಡಿ. ಹಳೆಯ ಮೇಲ್ಮೈ ಹೋದರೆ ಬೆಲೆಯೂ ಹೋಗುತ್ತದೆ.
• ಮಣ್ಣು ಅಗೆಯುವಾಗ ಸಿಕ್ಕಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಿ. ಕರ್ನಾಟಕದ 1962ರ ನಿಧಿ ಕಾಯ್ದೆ ಹೂತಿಟ್ಟ ಬೆಲೆಬಾಳುವ ವಸ್ತುಗಳಿಗೆ ಅನ್ವಯಿಸುತ್ತದೆ.
• ವಿದೇಶಿ ಗ್ರಾಹಕರಿಗೆ ಕಳಿಸಬೇಡಿ. ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದು 1972ರ ಕಾಯ್ದೆಯಂತೆ ಅಪರಾಧ.
• ‘ಕೋಟಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದರೆ ಅದು ಮೋಸ. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪದಕ ಅಸಲಿಯೇ ಇರಬಹುದು. ಅದರ ಜೊತೆ ಬಂದ ಕಥೆಯನ್ನು ಮುಂದೆ ಕಳಿಸುವ ಮುನ್ನ ಒಮ್ಮೆ ಪರೀಕ್ಷಿಸಿ ಎನ್ನುವುದಷ್ಟೇ ನಮ್ಮ ಮಾತು.