ಇಲಿ ಬಿದ್ದ ಮನೆ, ಪೊದೆ ಬೆಳೆದ ಸೈಟು

ಮೈಸೂರಿಗೆ ಬಂದ ನೆಂಟರು ಅರಮನೆ ನೋಡಿ ಮೆಚ್ಚಿದ ಮೇಲೆ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಒಂದು ಸುತ್ತು ಹಾಕಿದರೆ, "ಎಷ್ಟು ಅಗಲವಾದ ಬೀದಿಗಳು! ನಿಮ್ಮ ಮಹಾರಾಜರು ಎಂಥ ರಸಿಕರು!" ಎನ್ನುತ್ತಾರೆ. ರಸಿಕತೆ ಇದ್ದದ್ದು ನಿಜವೇ. ಆದರೆ ಈ ಊರಿಗೆ ಗಾಳಿ ಬೆಳಕು ತಂದುಕೊಟ್ಟದ್ದರಲ್ಲಿ ಇಲಿಗಳ ಪಾಲೂ ಸಾಕಷ್ಟಿದೆ ಎಂದರೆ ಅವರು ನಂಬುವುದಿಲ್ಲ.

1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು, ಅದೇ ವರ್ಷ ಮೈಸೂರಿಗೂ ಬಂತು. ಸಂಸ್ಥಾನಕ್ಕೆ ಅದು ಒಳ್ಳೆಯ ಕಾಲವಾಗಿರಲಿಲ್ಲ. ಚಾಮರಾಜೇಂದ್ರ ಒಡೆಯರು 1894ರಲ್ಲೇ ತೀರಿಕೊಂಡಿದ್ದರು. ಮಗ ಚಿಕ್ಕವರೆಂದು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡುತ್ತಿದ್ದರು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿತ್ತು. ಪ್ಲೇಗ್ ಕಮಿಷನರಾಗಿ ನೇಮಕವಾದವರು ವಿ.ಪಿ. ಮಾಧವರಾಯರು, ಮುಂದೆ ದಿವಾನರಾದವರು.

ನಮ್ಮಜ್ಜಿಯ ಬಾಯಲ್ಲಿ "ಇಲಿ ಬಿತ್ತು" ಎಂಬ ಎರಡೇ ಮಾತಿಗೆ ಇದ್ದ ಭಯ ನನಗಿನ್ನೂ ನೆನಪಿದೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಒಲೆಯ ಮೇಲಿದ್ದ ಅನ್ನವನ್ನೂ ಬಿಟ್ಟು ಊರಾಚೆಯ ಗುಡಿಸಲಿಗೆ ಹೊರಡಬೇಕಿತ್ತಂತೆ. ಇಲಿಯ ಮೈಮೇಲಿನ ಚಿಗಟ ಕಚ್ಚಿ ರೋಗ ಹರಡುತ್ತದೆಂದು ಸೈಮಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲೇ. ಆದರೆ ಲೋಕ ಅದನ್ನು ಒಪ್ಪಲು ಹಲವು ವರ್ಷಗಳೇ ಬೇಕಾದವು. ಇಕ್ಕಟ್ಟು, ಕತ್ತಲೆ, ಕೊಳಕು ಇವೇ ಕಾರಣವೆಂದು ತಿಳಿದು 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿಸಿದರು. ಚರಂಡಿಗಳಾದವು, ಬೀದಿಗಳು ಅಗಲವಾದವು, ಹೊಸ ಬಡಾವಣೆಗಳು ಎದ್ದವು. ಕಾರಣ ಪೂರ್ತಿ ತಿಳಿಯದಿದ್ದರೂ ಮಾಡಿದ ಕೆಲಸ ಒಳ್ಳೆಯದೇ ಆಯಿತು.

ಆ ದಿನಗಳ ಇನ್ನೊಂದು ಸಂಗತಿಯನ್ನು ನಾವು ಹೆಂಗಸರು ಮರೆಯಬಾರದು. ಪ್ಲೇಗಿನ ಗಂಟು ಏಳುವುದು ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ, ಕುತ್ತಿಗೆಯಲ್ಲಿ. ಅದನ್ನು ಪರೀಕ್ಷಿಸಲು ಬರುತ್ತಿದ್ದವರು ಬಹುಪಾಲು ಗಂಡಸರು. ಪುಣೆಯಲ್ಲಿ ಸೋಲ್ಜರುಗಳೇ ಮನೆಯೊಳಗೆ ನುಗ್ಗಿ ಶೋಧಿಸಿದ ರೋಷಕ್ಕೆ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಬಲಿಯಾದ. ಹೆಣ್ಣುಮಕ್ಕಳು ಜ್ವರ ಬಂದರೂ ಮುಚ್ಚಿಟ್ಟುಕೊಂಡರು. ಮಾನ ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಪ್ರಾಣ ಹೋಗಿರುತ್ತಿತ್ತು.

ಇದೆಲ್ಲ ಹಳೆಯ ಕಥೆ ಎನ್ನಬೇಡಿ. ಇಲಿಯನ್ನೇ ಆಶ್ರಯಿಸಿದ ಇನ್ನೊಂದು ಜ್ವರ ಈಗಲೂ ನಮ್ಮ ನಡುವೆ ಇದೆ. ಅದರ ಹೆಸರು ಸ್ಕ್ರಬ್ ಟೈಫಸ್. ಸ್ಕ್ರಬ್ ಎಂದರೆ ಕುರುಚಲು ಪೊದೆ. ಹೆಸರು ಕೇಳಿದವರು ಟೈಫಾಯಿಡ್ ಎಂದೇ ಭಾವಿಸುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಟೈಫಾಯಿಡ್ ಬರುವುದು ಕೆಟ್ಟ ನೀರು, ಆಹಾರದಿಂದ. ಇದು ಬರುವುದು ನುಸಿಯ ಕಡಿತದಿಂದ. ತೆಂಗಿನ ಕಾಯಿಗಳನ್ನು ಹಾಳುಗೆಡವಿದ ನುಸಿಪೀಡೆ ನೆನಪಿದೆಯಲ್ಲ, ಅದರ ದೂರದ ಬಳಗವೇ ಇದು. ಕಚ್ಚುವುದು ನುಸಿಯ ಮರಿ ಮಾತ್ರ, ಅದೂ ಬಾಳಿನಲ್ಲಿ ಒಂದೇ ಸಲ. ಕಣ್ಣಿಗೆ ಕಾಣುವುದೂ ಕಷ್ಟ. ವಿಚಿತ್ರವೆಂದರೆ ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ರೋಗಾಣು ಬಳುವಳಿಯಂತೆ ಹರಿದುಬರುತ್ತದೆ.

ಜಪಾನಿನ ನೀಗಾಟ ಸೀಮೆಯಲ್ಲಿ ಹೊಳೆ ದಂಡೆಯ ರೈತರು ಇದನ್ನು ಹಿಂದಿನಿಂದಲೇ ಬಲ್ಲರು. "ಸುತ್ಸುಗಾಮುಶಿ", ಅಂದರೆ ಕೇಡಿನ ಹುಳು ಎಂದು ಅವರಿಟ್ಟ ಹೆಸರೇ ರೋಗಾಣುವಿನ ಹೆಸರಿನಲ್ಲಿ ಸೇರಿಕೊಂಡಿದೆ: ಒರಿಯೆಂಟಿಯಾ ಸುತ್ಸುಗಾಮುಶಿ. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಂ, ಬರ್ಮಾ ಗಡಿಯಲ್ಲಿ ಕಾದಾಡಿದ ಸೈನಿಕರನ್ನು ಇದು ಬಹಳ ಕಾಡಿತು. 1948ರಲ್ಲಿ ಮಲಯದಲ್ಲಿ ಕ್ಲೋರಾಂಫೆನಿಕಾಲ್ ಔಷಧಿ ಇದಕ್ಕೆ ನಾಟುತ್ತದೆಂದು ಗೊತ್ತಾಯಿತು. ಆಮೇಲೆ ರೋಗ ಮರೆತುಹೋಯಿತು. ಹೋಗಲಿಲ್ಲ, ಮರೆತುಹೋಯಿತು ಅಷ್ಟೇ. ಕಳೆದ ಎರಡು ದಶಕಗಳಿಂದ ಕರ್ನಾಟಕದ ಆಸ್ಪತ್ರೆಗಳಲ್ಲಿ ಮತ್ತೆ ಪತ್ತೆಯಾಗುತ್ತಿದೆ.

ಇದು ಕಾಡಿನವರ ಕಾಯಿಲೆ ಎಂದು ಸುಮ್ಮನಿರುವಂತಿಲ್ಲ. ಮಳೆ ಬಿದ್ದ ಮೇಲೆ ನಮ್ಮ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಏನು ಬೆಳೆಯುತ್ತದೆ ನೋಡಿ! ಪಾರ್ಥೇನಿಯಂ, ಲಂಟಾನ, ಸೊಂಟದುದ್ದ ಹುಲ್ಲು, ಅದರೊಳಗೆ ಇಲಿ ಹೆಗ್ಗಣಗಳ ಸಂಸಾರ. ಪೂಜೆಗೆ ಗರಿಕೆ ಕೀಳಲು, ಕಾಂಪೌಂಡಿನ ಕಳೆ ತೆಗೆಯಲು, ಹಸುವಿಗೆ ಹುಲ್ಲು ಕೊಯ್ಯಲು ಕೂರುವವರು ಯಾರು? ನಾವೇ ತಾನೆ.

ಕಚ್ಚಿದ ಸುಮಾರು ಹತ್ತು ದಿನಕ್ಕೆ ಜ್ವರ, ತಲೆನೋವು, ಮೈಕೈ ನೋವು. ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಕಟ್ಟಿರಬಹುದು. ಎಲ್ಲರಿಗೂ ಆಗುವುದಿಲ್ಲ, ಆದವರಿಗೂ ನೋಯುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಆ ಮರಿ ಹುಡುಕಿಕೊಂಡು ಹೋಗುವ ಜಾಗಗಳಾದರೂ ಎಂಥವು? ಕಂಕುಳು, ತೊಡೆಯ ಸಂದಿ, ಎದೆಯ ಕೆಳಗೆ, ಸೀರೆ ಬಿಗಿದ ಸೊಂಟ. ಪ್ಲೇಗಿನ ಕಾಲದಲ್ಲಿ ನಮ್ಮ ಮುತ್ತಜ್ಜಿಯರು ಮುಚ್ಚಿಟ್ಟುಕೊಂಡ ಜಾಗಗಳೇ ಬಹುಪಾಲು. ನಾವು ಡಾಕ್ಟರ ಮುಂದೆ ಕೈ ಚಾಚುತ್ತೇವೆ, ನಾಲಿಗೆ ತೋರಿಸುತ್ತೇವೆ. ಇದನ್ನು ತೋರಿಸುವುದಿಲ್ಲ, ಅವರೂ ಸಂಕೋಚದಿಂದ ಕೇಳುವುದಿಲ್ಲ. ಟೈಫಾಯಿಡ್ ಇರಬಹುದೆಂದು ಬೇರೆ ಮಾತ್ರೆ ನುಂಗುತ್ತ ವಾರ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೂ ತೊಂದರೆಯಾಗಿ ಜೀವಕ್ಕೇ ಬರಬಹುದು. ಗರ್ಭಿಣಿಯರಲ್ಲಿ ಗರ್ಭ ನಿಲ್ಲದೆ ಹೋಗುವುದೂ ಉಂಟು.

ಬೇಗ ಗುರುತಿಸಿದರೆ ಮದ್ದು ಬಲು ಅಗ್ಗದ್ದು. ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗೆ ಅಜಿತ್ರೋಮೈಸಿನ್. ಡಾಕ್ಟರು ಕೊಟ್ಟರೆ ಎರಡು ಮೂರು ದಿನಗಳಲ್ಲೇ ಜ್ವರ ಇಳಿಯತೊಡಗುತ್ತದೆ. ಪೆನಿಸಿಲಿನ್ ಜಾತಿಯ ಔಷಧಿಗಳು ಇದಕ್ಕೆ ನಾಟುವುದಿಲ್ಲ. ಆದ್ದರಿಂದ ಅಂಗಡಿಯಿಂದ ತಂದು ನುಂಗುವ ಮಾತ್ರೆಯನ್ನು ನೆಚ್ಚಬಾರದು.

ಪೊದೆಯಲ್ಲಿ ಕೆಲಸ ಮಾಡಿ ಬಂದ ದಿನ ಬಟ್ಟೆ ಬದಲಿಸಿ, ಸೋಪು ಹಚ್ಚಿ ಸ್ನಾನ ಮಾಡಿ. ಹುಲ್ಲಿನ ಮೇಲೆ ಸೀರೆ ಒಣಹಾಕಬೇಡಿ. ಐದು ದಿನವಾದರೂ ಜ್ವರ ಬಿಡದಿದ್ದರೆ ಡಾಕ್ಟರಿಗೆ, "ಪೊದೆಯ ಕಡೆ ಓಡಾಡಿದ್ದೆ" ಎಂದು ನೀವಾಗಿಯೇ ಹೇಳಿ. ಮನೆಯಲ್ಲಿ ಅತ್ತೆಯೋ ಅಮ್ಮನೋ ಜ್ವರದಿಂದ ಮಲಗಿದ್ದರೆ, ಸ್ನಾನಕ್ಕೆ ನೀರು ಹಾಕುವ ನೆಪದಲ್ಲಾದರೂ, "ಬೆನ್ನು, ಕಂಕುಳು ಒಂದು ಸಲ ನೋಡಲಾ?" ಎಂದು ಕೇಳಿ. ಯಾವ ಪ್ಲೇಗ್ ಅಧಿಕಾರಿಗೂ ತೋರಿಸದ ಮೈಯನ್ನು ಅವರು ಸೊಸೆಗೆ, ಮಗಳಿಗೆ ತೋರಿಸಿಯಾರು.