ಟಿಪ್ಪರೇರಿ: ದೊಣ್ಣೆಯಾಟದ ಕೀರ್ತಿ, ಕಾಲ್ಚೆಂಡಿನ ನೆನಪು

2020ರ ನವೆಂಬರ್ 22, ಭಾನುವಾರ. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಮನ್‌ಸ್ಟರ್ ಪ್ರಾಂತ್ಯದ ಗೇಲಿಕ್ ಫುಟ್‌ಬಾಲ್ ಅಂತಿಮ ಪಂದ್ಯ. ಕೊರೋನಾ ನಿರ್ಬಂಧದಿಂದಾಗಿ ಕ್ರೀಡಾಂಗಣದಲ್ಲಿ ಪ್ರೇಕ್ಷಕರೇ ಇರಲಿಲ್ಲ. ಟಿಪ್ಪರೇರಿ ಕೌಂಟಿಯ ಆಟಗಾರರು ಎಂದಿನ ನೀಲಿ-ಹೊಂಬಣ್ಣದ ಅಂಗಿ ಬಿಟ್ಟು ಬಿಳಿ-ಹಸಿರು ಅಂಗಿ ತೊಟ್ಟು ಕಣಕ್ಕಿಳಿದರು. ಆತಿಥೇಯ ಕಾರ್ಕ್ ತಂಡವನ್ನು 17-14 ಅಂಕಗಳಿಂದ ಮಣಿಸಿದರು. ಟಿಪ್ಪರೇರಿ ಈ ಪ್ರಶಸ್ತಿಯನ್ನು ಹಿಂದೆ ಗೆದ್ದಿದ್ದು 1935ರಲ್ಲಿ.

ಎಂಬತ್ತೈದು ವರ್ಷಗಳ ನಂತರದ ಗೆಲುವಿನಷ್ಟೇ ಅರ್ಥ ಆ ಅಂಗಿಗೂ ಇತ್ತು. ನೂರು ವರ್ಷ ಮತ್ತು ಒಂದು ದಿನದ ಹಿಂದೆ ಅದೇ ಬಣ್ಣದ ಅಂಗಿ ತೊಟ್ಟು ಆಡುತ್ತಿದ್ದ ಟಿಪ್ಪರೇರಿಯ ಆಟಗಾರನೊಬ್ಬ ಡಬ್ಲಿನ್‌ನ ಮೈದಾನದಲ್ಲೇ ಬ್ರಿಟಿಷ್ ಪಡೆಗಳ ಗುಂಡಿಗೆ ಬಲಿಯಾಗಿದ್ದ.

ಎರಡು ಆಟಗಳು

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಐರ್ಲೆಂಡಿನ ದಕ್ಷಿಣ ಭಾಗದಲ್ಲಿರುವ ಟಿಪ್ಪರೇರಿ ಬೇಸಾಯ, ಹೈನುಗಾರಿಕೆಗಳ ನಾಡು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹಾಡಿಕೊಳ್ಳುತ್ತಿದ್ದ ಹಾಡೊಂದು ಈ ಹೆಸರನ್ನು ಜಗತ್ತಿಗೆಲ್ಲ ಪರಿಚಯಿಸಿತು. ಐರಿಷ್ ಜನರಿಗೆ ಮಾತ್ರ ಟಿಪ್ಪರೇರಿ ಎಂದರೆ ಮೊದಲು ನೆನಪಾಗುವುದು ಆಟ.

ಅಲ್ಲಿನ ಮುಖ್ಯ ಆಟ ಹರ್ಲಿಂಗ್. ಮೇಲ್ನೋಟಕ್ಕೆ ಹಾಕಿಯಂತೆ ಕಂಡರೂ ಇದರ ವೇಗ, ಒರಟುತನ ಬೇರೆಯೇ. ತುದಿಯಲ್ಲಿ ಅಗಲವಾದ ಮರದ ದೊಣ್ಣೆಯಿಂದ ಸಣ್ಣ ಚರ್ಮದ ಚೆಂಡನ್ನು ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು. ಗೇಲಿಕ್ ಫುಟ್‌ಬಾಲಿನಲ್ಲಿ ದುಂಡನೆಯ ಚೆಂಡನ್ನು ಕಾಲಿನ ಜೊತೆಗೆ ಕೈಯಿಂದಲೂ ಆಡಬಹುದು. ಎರಡರಲ್ಲೂ ತಂಡಕ್ಕೆ 15 ಮಂದಿ. ಚೆಂಡು ಬಲೆಗೆ ಬಿದ್ದರೆ ಮೂರು ಅಂಕ. ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿನಿಂದ ಹಾದರೆ ಒಂದು. (ಫುಟ್‌ಬಾಲಿನಲ್ಲಿ ದೂರದಿಂದ ಹೊಡೆದ ಚೆಂಡಿಗೆ 2025ರಿಂದ ಎರಡು ಅಂಕ.) ಆಟಗಾರರಿಗೆ ಸಂಬಳವಿಲ್ಲ. ವಾರವಿಡೀ ಶಾಲೆಯಲ್ಲೋ ಹೊಲದಲ್ಲೋ ದುಡಿದವರೇ ಭಾನುವಾರ ಸಾವಿರಾರು ಜನರ ಮುಂದೆ ಕೌಂಟಿಯ ಪರವಾಗಿ ಆಡುತ್ತಾರೆ.

ಹೋಟೆಲಿನಲ್ಲಿ ಹುಟ್ಟಿದ ಸಂಘ

ಹರ್ಲಿಂಗ್ ಪುರಾತನ ಆಟ. ಆದರೆ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. 1845ರಲ್ಲಿ ಆರಂಭವಾದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಐರಿಷ್ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಊರುಗಳೇ ಬರಿದಾದ ಮೇಲೆ ಆಡುವವರು ಯಾರು? 1870ರ ದಶಕದಲ್ಲಿ ಟಿಪ್ಪರೇರಿಯ ಹಳ್ಳಿಹಳ್ಳಿಗಳಲ್ಲಿ ಆಡುತ್ತಿದ್ದ ಆಟ ಕ್ರಿಕೆಟ್ ಎಂದರೆ ಇಂದು ಅನೇಕರಿಗೆ ಅಚ್ಚರಿಯಾದೀತು.

ಈ ಸ್ಥಿತಿಯನ್ನು ಕಂಡು ಮರುಗಿದವರು ಕ್ಲೇರ್ ಕೌಂಟಿಯ ಶಿಕ್ಷಕ ಮೈಕೆಲ್ ಕ್ಯೂಸ್ಯಾಕ್. 1884ರ ನವೆಂಬರ್ 1ರಂದು ಟಿಪ್ಪರೇರಿಯ ಥರ್ಲಿಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಬೆರಳೆಣಿಕೆಯಷ್ಟು ಜನ ಸೇರಿ ಗೇಲಿಕ್ ಅಥ್ಲೆಟಿಕ್ ಸಂಘವನ್ನು ಕಟ್ಟಿದರು. ಟಿಪ್ಪರೇರಿಯವರೇ ಆದ ಹೆಸರಾಂತ ಅಥ್ಲೀಟ್ ಮಾರಿಸ್ ಡ್ಯಾವಿನ್ ಮೊದಲ ಅಧ್ಯಕ್ಷರಾದರು. ಕ್ಯಾಶೆಲ್‌ನ ಆರ್ಚ್‌ಬಿಷಪ್ ಥಾಮಸ್ ಕ್ರೋಕ್ ಪೋಷಕರಾಗಲು ಒಪ್ಪಿ ಬರೆದ ಪತ್ರದಲ್ಲಿ, ನಾಡಿನ ಆಟಗಳನ್ನು ಮರೆತು ಕ್ರಿಕೆಟ್, ಟೆನಿಸ್, ಪೋಲೋಗಳಿಗೆ ಮಾರುಹೋದವರ ಬಗ್ಗೆ ಕಟುವಾಗಿ ನುಡಿದರು. ಡಬ್ಲಿನ್‌ನ ಪ್ರಖ್ಯಾತ ಕ್ರೋಕ್ ಪಾರ್ಕ್ ಕ್ರೀಡಾಂಗಣಕ್ಕೆ ಇವರದೇ ಹೆಸರು.

ಭಾರತೀಯರು ಆಳರಸರ ಕ್ರಿಕೆಟ್ಟನ್ನು ಕಲಿತು ಅವರನ್ನೇ ಸೋಲಿಸಲು ಹೊರಟರೆ, ಈ ಸಂಘದವರು ಆಳರಸರ ಆಟವನ್ನೇ ಬದಿಗಿಟ್ಟರು. ಸಂಘದ ಬೇರು ಚರ್ಚಿನ ವ್ಯಾಪ್ತಿಯ ಊರುಗಳಲ್ಲಿತ್ತು. ಒಂದೊಂದು ಊರಿಗೊಂದು ಕ್ಲಬ್, ಕೌಂಟಿಯಲ್ಲಿ ಗೆದ್ದ ಕ್ಲಬ್ಬೇ ಆಗ ಕೌಂಟಿಯ ತಂಡ. 1887ರ ಸಾಲಿನ ಮೊತ್ತಮೊದಲ ಅಖಿಲ ಐರ್ಲೆಂಡ್ ಹರ್ಲಿಂಗ್ ಅಂತಿಮ ಪಂದ್ಯ 1888ರ ಏಪ್ರಿಲ್ 1ರಂದು ನಡೆಯಿತು. ಆಗ ತಂಡಕ್ಕೆ 21 ಆಟಗಾರರು. ಥರ್ಲಿಸ್‌ನವರು ಗಾಲ್ವೇಯ ತಂಡವನ್ನು ಸೋಲಿಸಿ ಟಿಪ್ಪರೇರಿಗೆ ಪ್ರಶಸ್ತಿ ತಂದರು.

ಮುಂದಿನ ವರ್ಷಗಳಲ್ಲಿ ಟಬರಡೋರಾ ಎಂಬ ಪುಟ್ಟ ಹಳ್ಳಿಯ ತಂಡ 1895, 1896 ಮತ್ತು 1898ರಲ್ಲಿ ಹರ್ಲಿಂಗ್ ಪ್ರಶಸ್ತಿ ಗೆದ್ದಿತು. ಫುಟ್‌ಬಾಲಿನಲ್ಲೂ ಟಿಪ್ಪರೇರಿ ಹಿಂದೆ ಬೀಳಲಿಲ್ಲ. 1895ರಲ್ಲಿ, ಮತ್ತೆ 1900ರಲ್ಲಿ ಎರಡೂ ಆಟಗಳ ಪ್ರಶಸ್ತಿಗಳು ಇದೇ ಕೌಂಟಿಯ ಪಾಲಾದವು.

ರಕ್ತಸಿಕ್ತ ಭಾನುವಾರ

1920ರಲ್ಲಿ ಐರಿಷ್ ಸ್ವಾತಂತ್ರ್ಯ ಹೋರಾಟ ತಾರಕಕ್ಕೇರಿತ್ತು. ನವೆಂಬರ್ 21ರ ಬೆಳಿಗ್ಗೆ ಕ್ರಾಂತಿಕಾರಿಗಳು ಡಬ್ಲಿನ್‌ನ ಹಲವೆಡೆ ದಾಳಿ ನಡೆಸಿ ಬ್ರಿಟಿಷ್ ಗುಪ್ತಚರ ಅಧಿಕಾರಿಗಳನ್ನು ಕೊಂದರು. ಅಂದು ಮಧ್ಯಾಹ್ನ ಕ್ರೋಕ್ ಪಾರ್ಕ್‌ನಲ್ಲಿ ಟಿಪ್ಪರೇರಿ ಮತ್ತು ಡಬ್ಲಿನ್ ತಂಡಗಳ ಫುಟ್‌ಬಾಲ್ ಪಂದ್ಯ. ಆಟ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಮೈದಾನಕ್ಕೆ ನುಗ್ಗಿದ ಪೊಲೀಸ್ ಪಡೆಗಳು ಜನರತ್ತ ಗುಂಡಿನ ಮಳೆಗರೆದವು. ಒಂದೂವರೆ ನಿಮಿಷದಲ್ಲಿ ಎಲ್ಲವೂ ಮುಗಿದಿತ್ತು.

ಸತ್ತವರು 14 ಮಂದಿ. ಅವರಲ್ಲಿ 10, 11 ಮತ್ತು 14 ವರ್ಷದ ಮೂವರು ಹುಡುಗರಿದ್ದರು. ಕೆಲವೇ ದಿನಗಳಲ್ಲಿ ಹಸೆಮಣೆ ಏರಬೇಕಿದ್ದ ತರುಣಿ ಇದ್ದಳು. ಟಿಪ್ಪರೇರಿಯ ಗ್ರೇಂಜ್‌ಮಾಕ್ಲರ್ ಊರಿನ ಆಟಗಾರ, 24 ವರ್ಷದ ಮೈಕೆಲ್ ಹೋಗನ್ ಇದ್ದ. ಮೇಲಿನ ಆದೇಶವಿಲ್ಲದೆ ಗುಂಡು ಹಾರಿಸಲಾಯಿತೆಂದು ಸೇನೆಯ ವಿಚಾರಣೆಯೇ ಒಪ್ಪಿಕೊಂಡಿತು. ಆ ವರದಿ ಮಾತ್ರ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಭಾರತೀಯ ಓದುಗರಿಗೆ ಇಲ್ಲಿ ಜಲಿಯನ್‌ವಾಲಾ ಬಾಗ್ ನೆನಪಾಗುವುದು ಸಹಜ. ಆ ಘಟನೆ ನಡೆದದ್ದು ಇದಕ್ಕೆ ಹತ್ತೊಂಬತ್ತು ತಿಂಗಳ ಮುಂಚೆ, 1919ರ ಏಪ್ರಿಲ್ 13ರಂದು. ವಿಧಿಯ ವಿಪರ್ಯಾಸವೆಂದರೆ, ಅಂದು ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದು ಡಯರ್‌ನ ಕೃತ್ಯವನ್ನು ಸಮರ್ಥಿಸಿದ, ಮುಂದೆ 1940ರಲ್ಲಿ ಲಂಡನ್ನಿನಲ್ಲಿ ಉಧಮ್ ಸಿಂಗ್ ಗುಂಡಿಗೆ ಬಲಿಯಾದ ಮೈಕೆಲ್ ಓಡ್ವೈಯರ್ ಹುಟ್ಟಿದ್ದು ಇದೇ ಟಿಪ್ಪರೇರಿಯಲ್ಲಿ. ಸಾಮ್ರಾಜ್ಯದ ವಿರುದ್ಧ ನಿಂತವರನ್ನೂ ಅದರ ಪರ ನಿಂತವರನ್ನೂ ಒಂದೇ ಮಣ್ಣು ಕೊಟ್ಟಿತು.

ಹೋರಾಟದ ಗದ್ದಲದಲ್ಲಿ ನಿಂತುಹೋಗಿದ್ದ 1920ರ ಸಾಲಿನ ಫುಟ್‌ಬಾಲ್ ಅಂತಿಮ ಪಂದ್ಯ ನಡೆದದ್ದು 1922ರಲ್ಲಿ. ಎದುರಾಳಿಗಳು ಮತ್ತೆ ಟಿಪ್ಪರೇರಿ ಮತ್ತು ಡಬ್ಲಿನ್. ಟಿಪ್ಪರೇರಿ ಗೆದ್ದಿತು. ಫುಟ್‌ಬಾಲಿನಲ್ಲಿ ಅದು ಗೆದ್ದ ಕೊನೆಯ ಅಖಿಲ ಐರ್ಲೆಂಡ್ ಪ್ರಶಸ್ತಿ ಅದೇ.

ನಿಷೇಧದ ನೆರಳು

ಸ್ವಾಭಿಮಾನಕ್ಕೆ ಇನ್ನೊಂದು ಮುಖವೂ ಇತ್ತು. ಕ್ರಿಕೆಟ್, ರಗ್ಬಿ, ಸಾಕರ್‌ನಂಥ ಆಟಗಳನ್ನು ಆಡಿದವರನ್ನು ಸಂಘ ಹೊರಹಾಕುತ್ತಿತ್ತು; ನೋಡಲು ಹೋದವರಿಗೂ ಶಿಕ್ಷೆ ತಪ್ಪುತ್ತಿರಲಿಲ್ಲ. ಸಾಕರ್ ಪಂದ್ಯ ನೋಡಿದ ತಪ್ಪಿಗೆ ದೇಶದ ಅಧ್ಯಕ್ಷ ಡಗ್ಲಸ್ ಹೈಡ್ ಅವರನ್ನೇ 1938ರಲ್ಲಿ ಪೋಷಕ ಸ್ಥಾನದಿಂದ ಕೈಬಿಡಲಾಯಿತು. ಈ ನಿಷೇಧ ತೆರವಾದದ್ದು 1971ರಲ್ಲಿ. ಬ್ರಿಟಿಷ್ ಪೊಲೀಸರು, ಸೈನಿಕರು ಸಂಘ ಸೇರಬಾರದೆಂಬ ನಿಯಮ 2001ರವರೆಗೂ ಉಳಿದಿತ್ತು. ಆದರೆ 1884ರ ಸ್ಥಾಪನಾ ಸಭೆಯಲ್ಲಿ ಕುಳಿತಿದ್ದವರಲ್ಲೇ ಒಬ್ಬರು ಪೊಲೀಸ್ ಅಧಿಕಾರಿ! 2011ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅದೇ ಕ್ರೋಕ್ ಪಾರ್ಕ್‌ಗೆ ಭೇಟಿ ಕೊಟ್ಟಾಗ ಕಾಲ ಬದಲಾದದ್ದು ಎಲ್ಲರಿಗೂ ಕಂಡಿತು.

ಕವಲೊಡೆದ ದಾರಿ

ಇಪ್ಪತ್ತನೆಯ ಶತಮಾನದಲ್ಲಿ ಟಿಪ್ಪರೇರಿಯ ಎರಡು ಆಟಗಳ ದಾರಿ ಬೇರೆಯಾಯಿತು. ಉತ್ತರ ಮತ್ತು ಮಧ್ಯ ಭಾಗದಲ್ಲಿ ಹರ್ಲಿಂಗ್ ಹುಲುಸಾಗಿ ಬೆಳೆಯಿತು. 1949ರಿಂದ 1965ರ ನಡುವೆ ಜಾನ್ ಡಾಯ್ಲ್ ಎಂಬ ಆಟಗಾರ ಎಂಟು ಬಾರಿ ಅಖಿಲ ಐರ್ಲೆಂಡ್ ಪದಕ ಪಡೆದರು. 1971ರ ಬಳಿಕ ಹದಿನೆಂಟು ವರ್ಷಗಳ ಬರಗಾಲ ಬಂದರೂ 1989ರಲ್ಲಿ ಗೆಲುವು ಮರಳಿತು. 2025ರ ಗೆಲುವಿನೊಂದಿಗೆ ಪ್ರಶಸ್ತಿಗಳ ಸಂಖ್ಯೆ 29ಕ್ಕೇರಿತು. 1880ರ ದಶಕದಿಂದ ಇಲ್ಲಿಯವರೆಗೆ ಪ್ರತಿ ದಶಕದಲ್ಲೂ ಒಮ್ಮೆಯಾದರೂ ಗೆದ್ದ ಕೌಂಟಿ ಇದೊಂದೇ.

ದಕ್ಷಿಣದ ಊರುಗಳಿಗೆ ಸೀಮಿತವಾದ ಫುಟ್‌ಬಾಲ್ ಮಾತ್ರ ಕೆರ್ರಿ, ಕಾರ್ಕ್ ಕೌಂಟಿಗಳ ಎದುರು ಸೊರಗಿತು. 2020ರ ಗೆಲುವಿನ ನಂತರವೂ ಸೆಮಿಫೈನಲ್‌ನಲ್ಲಿ ಮೇಯೋ ತಂಡಕ್ಕೆ ಸೋತಿತು. ಆ ವರ್ಷ ಸೆಮಿಫೈನಲ್ ತಲುಪಿದ್ದ ನಾಲ್ಕು ಕೌಂಟಿಗಳು 1920ರಲ್ಲಿ ತಲುಪಿದ್ದ ಅವೇ ನಾಲ್ಕು ಎಂಬುದು ಕಾಕತಾಳೀಯ.

ಹೀಗೆ ಟಿಪ್ಪರೇರಿಗೆ ಕೀರ್ತಿ ತಂದದ್ದು ಹರ್ಲಿಂಗ್, ಪ್ರಾಣ ತೆತ್ತದ್ದು ಫುಟ್‌ಬಾಲ್. ಎರಡೂ ಒಂದಾಗುವ ಜಾಗವೊಂದಿದೆ. ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದ ನಾಯಕ ಬಟ್ಟಲು ಪಡೆಯಲು ಕ್ರೋಕ್ ಪಾರ್ಕ್‌ನ ಪ್ರೇಕ್ಷಕರ ಕಟ್ಟೆಯ ಮೆಟ್ಟಿಲು ಹತ್ತಬೇಕು. ಆ ಕಟ್ಟೆಯ ಹೆಸರು ಹೋಗನ್ ಸ್ಟ್ಯಾಂಡ್.